ಮಗ್ಗದ ಕುಣಿಯಲ್ಲಿ ಒಣಗಿದ ಮುಚ್ಚಳ

ಆ ದಿನ ಮುಂಜಾನೆ ನನ್ನ ಗಂಡ ನೂಲಿಗೆ ತೊಂಬತ್ತೆರಡನೆಯ ಗಂಟು ಹಾಕಿದರು. ಅವ್ವನ ಮನೆಯ ಮಗ್ಗದ ಪಕ್ಕದ ಮೊಳೆಗೆ ಒಂದು ಬಿಳಿ ನೂಲು ಜೋತುಬಿದ್ದಿತ್ತು. ಅಂಗೈ ಅಗಲದ ಒಂದು ಮುಚ್ಚಳಕ್ಕೆ ಕೆಂಪು ಸೊನೆಯನ್ನು ಒಂದು ಸಲ ಬಳಿದರೆ ಆ ನೂಲಿಗೆ ಒಂದು ಗಂಟು. ದಿನಕ್ಕೆ ಒಂದೇ ಪದರ, ಒಂದೇ ಗಂಟು. ನೂರಾದರೆ ಕೆತ್ತಲು ಶುರು ಮಾಡಬೇಕು ಎಂದು ಅವರ ಲೆಕ್ಕ.

"ಇನ್ನ ಎಂಟು," ಎಂದರು ಕೈಗವಸು ಕಳಚುತ್ತ.

"ನೂರಾ ಎಂಟು ಮಾಡ್ರಿ ಅಳಿಯಂದ್ರ, ಒಂದು ಜಪಾ ಮುಗಿಸಿಧಂಗ ಆಗತೈತಿ," ಎಂದಳು ಅವ್ವ, ಚಹಾ ಸೋಸುತ್ತ.

"ಅತ್ತಿ, ಈ ಜನ್ಮದಾಗ ನಾ ಮಾಡಿದ ಜಪಾ ಇದೊಂದ ನೋಡ್ರಿ. ಇದಕ್ಕ ಮ್ಯಾಲ ಕೇಳಬ್ಯಾಡ್ರಿ."

ಚಹಾ ಕುಡಿದು, ಉಳಿಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರು ಬೀಳಗಿ ಕಡೆಗೆ ಹೊರಟರು. ಅನಗವಾಡಿಯಲ್ಲಿ ಹೊಸ ಮನೆಯೊಂದಕ್ಕೆ ಬಾಗಿಲು ಕೂಡಿಸುವುದಿತ್ತು. ಬಾಗಿಲ ತನಕ ಹೋದವರು ತಿರುಗಿ, "ಲೇ, ಸಂಜಿಗಿ ಮಗ್ಗದ ಕುಣಿಗಿ ನೀರ ಹೊಡೀಲಾಕ ಮರೀಬ್ಯಾಡ," ಎಂದರು. "ಎಷ್ಟ ಸರ್ತಿ ಹೇಳತೀರಿ?" ಎಂದೆ. ನಾನು ಅವರೊಂದಿಗೆ ಆಡಿದ ಕೊನೆಯ ಮಾತು ಅದು. ಜಗಳದ ಮಾತಲ್ಲ, ಪ್ರೀತಿಯ ಮಾತೂ ಅಲ್ಲ. ದಿನದ ಮಾತು.

ಬಾಗಿಲು ಕೂಡಿಸಿದ ಮೇಲೆ ಅವರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರಂತೆ. ನೀರು ಕೇಳಿದರಂತೆ. ನೀರು ತರುವುದರೊಳಗೆ ಎಲ್ಲ ಮುಗಿದಿತ್ತು. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ನಾನು ಬರೆಯಬೇಕೆಂದಿರುವುದು ಮುಚ್ಚಳದ ಬಗ್ಗೆ. ಅದನ್ನು ನೆನೆದರೆ ಈಗಲೂ ನನ್ನ ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ದುಃಖಕ್ಕಲ್ಲ, ಹುರುಪಿಗೆ.

ನಾನು ಹತ್ತನೆಯ ತರಗತಿಯವರೆಗೆ ಕಲಿತವಳು. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಎರಡು ಓಣಿ ಆಚೆಯ ಬಡಿಗೇರ ಕೆಲಸದವರನ್ನು ಮದುವೆಯಾದೆ. ನನ್ನ ಗಂಡ ಮೊದಲು ಮಗ್ಗಕ್ಕೆ ಲಾಳಿ, ಹಲಗೆ ಮಾಡಿಕೊಡುತ್ತಿದ್ದರು. ಕೈಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಬಾಗಿಲಿನ ಕೆತ್ತನೆಗೆ ಇಳಿದರು. ಮುಧೋಳದಿಂದ ಬೀಳಗಿಯವರೆಗೆ ಹೊಸ ಮನೆ ಕಟ್ಟಿಸಿದವರು ಅವರನ್ನು ಕರೆಯುತ್ತಿದ್ದರು. ಬಳ್ಳಿ, ಗಿಳಿ, ಕಮಲ. ಅವೇ ಬಳ್ಳಿ, ಅವೇ ಗಿಳಿ. "ಈ ಗಿಳಿ ನನ್ನ ಕನಸಿನಾಗ ಬಂದು ಕಡೀತಾವ," ಎನ್ನುತ್ತಿದ್ದರು.

ಆಗ ಜಮಖಂಡಿಯ ಅಕ್ಕೋರು ಬಂದರು. ಅವರು ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಮನೆಯ ಕಿಟಕಿಗಳನ್ನು ನನ್ನ ಗಂಡನೇ ಮಾಡಿದ್ದರು. ಅವರು ಸೆರಗಿನ ಮರೆಯಿಂದ ಒಂದು ಕೆಂಪು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಗುಂಡನೆಯದು, ಅಂಗೈ ಅಗಲದ್ದು, ಸುತ್ತ ನೀರಿನ ಅಲೆಗಳ ಕೆತ್ತನೆ. ಮುಚ್ಚಳ ಇರಲಿಲ್ಲ. ಸಂಸ್ಥಾನದ ಕಾಲದಲ್ಲಿ ಅವರ ಅಜ್ಜ ಕಚೇರಿಯಲ್ಲಿದ್ದರಂತೆ. ಯಾರೋ ಚೀನಾದಿಂದ ತಂದ ಡಬ್ಬಿ ಅವರಿಗೆ ಬಂದಿತ್ತಂತೆ. ಅಕ್ಕೋರ ಅವ್ವ ಅದರಲ್ಲಿ ಅಡಿಕೆ ಇಡುತ್ತಿದ್ದರಂತೆ. ಮನೆ ಬದಲಿಸುವಾಗ ಮುಚ್ಚಳ ಕಳೆದುಹೋಯಿತು.

"ಒಂದು ಮುಚ್ಚಳಾ ಮಾಡಿ ಕೊಡ್ರಿ. ಕಟ್ಟಗಿದು, ಕೆಂಪ ಬಣ್ಣಾ ಹೊಡದ್ರ ಆತು," ಎಂದರು ಅಕ್ಕೋರು.

"ಅದರಾಗೇನೈತ್ರಿ, ಎರಡ ದಿನದ ಕೆಲಸ," ಎಂದರು ನನ್ನ ಗಂಡ.

ಸಂಜೆ ಭೂತಗನ್ನಡಿ ಹಿಡಿದು ಕೂತವರು ಒಮ್ಮೆಲೆ ಕೂಗಿದರು. ನಾನು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದೆ, ಉಳಿ ಬೆರಳಿಗೆ ಬಿತ್ತೇನೋ ಎಂದು.

"ಕಟ್ಟಗಿ ಅಲ್ಲಲೇ ಇದು! ಬರೀ ಬಣ್ಣ! ನೋಡಿಲ್ಲಿ, ಬರೀ ಬಣ್ಣಾನ ಕೆತ್ತ್ಯಾರ!"

ಡಬ್ಬಿಯ ಅಂಚಿನಲ್ಲಿ ಒಂದು ಚೂರು ಒಡೆದಿತ್ತು. ನಾನು ಕನ್ನಡಿಯಲ್ಲಿ ನೋಡಿದೆ. ಮರದ ನಾರು ಎಲ್ಲಿಯೂ ಇರಲಿಲ್ಲ. ಹೊಸ ಪುಸ್ತಕವನ್ನು ಮಡಚಿ ಅಂಚಿನಿಂದ ನೋಡಿದರೆ ಹಾಳೆಗಳು ಕಾಣುತ್ತವಲ್ಲ, ಹಾಗೆ ಕೂದಲೆಳೆಯಂಥ ಪದರದ ಮೇಲೆ ಪದರ. ನಾನು ಎಣಿಸಲು ಹೋಗಿ ಮೂವತ್ತಕ್ಕೆ ತಪ್ಪಿದೆ. ಅವರು ನಲವತ್ತೆರಡಕ್ಕೆ ತಪ್ಪಿದರು. ಒಲೆಯ ಮೇಲೆ ರೊಟ್ಟಿ ಹೊತ್ತಿಹೋಯಿತು. ಅವತ್ತು ನಾವು ಅರ್ಧ ಕರಿಯಾದ ರೊಟ್ಟಿ ತಿಂದು, ಊಟದ ನಡುವೆ ಎದ್ದೆದ್ದು ಹೋಗಿ ಡಬ್ಬಿ ನೋಡಿ ಬಂದೆವು.

ಮೊಬೈಲಿನಲ್ಲಿ ಹುಡುಕಿದಾಗ ಚೀನಾದ ವಿಡಿಯೋಗಳು ಸಿಕ್ಕವು. ಭಾಷೆ ಒಂದಕ್ಷರ ತಿಳಿಯಲಿಲ್ಲ, ಆದರೆ ಕೈಗಳು ತಿಳಿದವು. ಮರಕ್ಕೆ ಗೀರು ಹಾಕಿ ಸೊನೆ ಇಳಿಸುತ್ತಾರೆ. ಅದಕ್ಕೆ ಕೆಂಪು ಪುಡಿ ಕಲಸುತ್ತಾರೆ. ಪಾತ್ರೆಗೆ ಬಳಿಯುತ್ತಾರೆ, ಒಣಗಿಸುತ್ತಾರೆ, ಮತ್ತೆ ಬಳಿಯುತ್ತಾರೆ. ಹೀಗೆ ನೂರು ಸಲ, ಇನ್ನೂರು ಸಲ. ಸೊನೆಯೇ ಗೋಡೆಯಂತೆ ದಪ್ಪವಾದ ಮೇಲೆ ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಉಳಿಯಿಂದ ಕೆತ್ತುತ್ತಾರೆ. ನನ್ನ ಗಂಡ ಒಂದು ವಿಡಿಯೋದಲ್ಲಿ ಹಳದಿ ಬೆಳಕಿನ ಕೋಣೆಯಲ್ಲಿ ಕೂತು ಕೆತ್ತುತ್ತಿದ್ದ ಮುದುಕನ ಕೈಗಳನ್ನು ನೋಡುತ್ತ, "ಇಂವಾ ನಮ್ಮ ಮಂದಿನ," ಎಂದರು.

ಅಕ್ಕೋರಿಗೆ ಫೋನು ಮಾಡಿ, "ಎರಡ ದಿನದಾಗ ಆಗೂದಿಲ್ರಿ," ಎಂದರು.

"ಮತ್ತ ಎಷ್ಟ ದಿನಾ ಬೇಕು?"

"ಅದನ್ನ ಕೇಳಬ್ಯಾಡ್ರಿ. ಆದ್ರ ಖರೇ ಮುಚ್ಚಳಾ ಮಾಡೇ ಕೊಡತೀನಿ."

ಕೊರಿಯರಿನಲ್ಲಿ ಸೊನೆ ಬಂತು, ಹಲ್ಲುಜ್ಜುವ ಪೇಸ್ಟಿನಂಥ ಟ್ಯೂಬುಗಳಲ್ಲಿ. ಅದನ್ನು ಬರಿಗೈಯಲ್ಲಿ ಮುಟ್ಟಿದರು, ಮೂಸಿದರು, ಬೆರಳ ತುದಿಗೆ ಹಚ್ಚಿಕೊಂಡು ಅಂಟು ನೋಡಿದರು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಅವರ ಮುಖ ಕುಂಬಳಕಾಯಿಯಾಗಿತ್ತು. ಕಣ್ಣುಗಳು ಎರಡು ಗೆರೆ. ಕೈತುಂಬ ಕೆಂಪು ದದ್ದು. ಅವತ್ತು ಮುಧೋಳಕ್ಕೆ ಕೊಟ್ಟ ಮಗಳ ಮೈದುನನ ಮದುವೆ. ಹೋಗದೆ ಇರುವ ಹಾಗಿಲ್ಲ. ಹೋದೆವು. ಬೀಗರು ಅವರ ಗುರುತು ಹಿಡಿಯಲಿಲ್ಲ. ಯಾರೋ ಹಿರಿಯರು ನನ್ನ ಬಳಿ ಬಂದು, "ನಿಮ್ಮ ಯಜಮಾನ್ರು ಬರಲಿಲ್ಲೇನ್ರಿ? ಇವರ್ಯಾರು, ನಿಮ್ಮ ಅಣ್ಣಾರೇನು?" ಎಂದು ಕೇಳಿದರು. ನನ್ನ ಗಂಡ ನಗಲು ಹೋದರು, ಮುಖ ಮಿಸುಕಲಿಲ್ಲ.

ಅವ್ವ ನೋಡಿದ ಕೂಡಲೇ ಹೇಳಿದಳು: "ಇದು ಕರಿಗೇರಿನ ಸೊನಿ ಹತ್ತಿಧಂಗ ಐತಿ. ಊಟದ್ದಲ್ಲ, ಮರದ್ದು." ಡಾಕ್ಟರು ಊಟದಿಂದ ಬಂದದ್ದೆಂದು ಎರಡು ದಿನ ಶೇಂಗಾ ಬಿಡಿಸಿದ್ದರು. ಅವ್ವನ ಮಾತೇ ಸರಿ ಇತ್ತು. ಅಂದಿನಿಂದ ಕೈಗವಸು.

ಮುಚ್ಚಳದ ಒಡಲನ್ನು ತೆಳ್ಳಗೆ ಸಾಗವಾನಿಯಲ್ಲಿ ಕಡೆದು, ಅದರ ಮೇಲೆ ಬಟ್ಟೆ ಅಂಟಿಸಿ, ಕೆಂಪು ಸೊನೆ ಬಳಿದರು. ಜೊತೆಗೆ ಪರೀಕ್ಷೆಗೆಂದು ಒಂದು ಮರದ ಬಿಲ್ಲೆಗೂ ಬಳಿದರು. ಆಮೇಲೆ ನಾವು ಮಾಡಿದ್ದು ನಮ್ಮ ಸೀಮೆಯವರು ಮಾತ್ರ ಮಾಡುವಂಥ ತಪ್ಪು. ಒಯ್ದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು.

ಇಲ್ಲಿ ಬಿಸಿಲಿಗಿಟ್ಟರೆ ಒಣಗದೆ ಇರುವ ವಸ್ತುವೇ ಇಲ್ಲ. ಮೆಣಸಿನಕಾಯಿ, ಶಾವಿಗೆ, ಹಪ್ಪಳ, ಅರಿಸಿನ, ಬಣ್ಣ ಹಾಕಿದ ನೂಲು, ತೊಳೆದ ಕಂಬಳಿ. ಏಪ್ರಿಲ್ ಬಿಸಿಲಿಗೆ ಮನುಷ್ಯನೇ ಒಣಗುತ್ತಾನೆ. ಸೊನೆ ಮಾತ್ರ ಒಣಗಲಿಲ್ಲ. ಒಂದು ದಿನ, ನಾಲ್ಕು ದಿನ, ಎಂಟು ದಿನ. ಬೆರಳಿಟ್ಟರೆ ಬೆಲ್ಲದ ಪಾಕದಂತೆ ಎಳೆ ಬರುತ್ತಿತ್ತು. ಒಂದು ನೊಣ ಬಂದು ಕೂತು ಅಲ್ಲೇ ಉಳಿಯಿತು. ವಿಡಿಯೋದಲ್ಲಿ ಅವರು ಪಾತ್ರೆಗಳನ್ನು ಒಂದು ಕಪಾಟಿನೊಳಗೆ ಇಡುವುದನ್ನು ನೋಡಿದ್ದೆವು. ಅದು ಧೂಳಿಗೆ ಅಂಜಿ ಎಂದುಕೊಂಡು ಇವರೂ ಕಪಾಟು ಮಾಡಿ, ಅದನ್ನೂ ಬಿಸಿಲಿಗೆ ಇಟ್ಟರು! ಒಳಗೆ ಇನ್ನಷ್ಟು ಕಾಯಲಿ ಎಂದು ತಗಡು ಮುಚ್ಚಿದರು!

"ಟ್ಯೂಬಿನ್ಯಾಂವಾ ಮೋಸಾ ಮಾಡ್ಯಾನ," ಎಂದು ಅವರು ಮುಖ ಸಣ್ಣ ಮಾಡಿ ಕೂತರು. ಮುಚ್ಚಳ ಕೈಬಿಡುವ ಮಾತು ಬಂತು. ಮತ್ತೆ ಗಿಳಿ ಕೆತ್ತಲು ಹೋದರು.

ಆ ವಾರ ನಾವು ಅವ್ವನ ಮನೆಗೆ ಊಟಕ್ಕೆ ಹೋಗಿದ್ದೆವು. ಅವ್ವ ಈಗಲೂ ಕುಣಿಮಗ್ಗದಲ್ಲಿ ನೇಯುತ್ತಾಳೆ. ನೆಲದಲ್ಲಿ ಸೊಂಟದಾಳದ ಕುಣಿ, ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯುವುದು. ನಮ್ಮ ಒಣ ಹವೆಗೆ ಹಾಸಿನ ನೂಲು ಪಟಪಟ ಹರಿಯುತ್ತದೆಂದು ಅವ್ವ ದಿನಾಲು ಮುಂಜಾನೆ ಸಂಜೆ ಕುಣಿಗೆ ನೀರು ಚಿಮುಕಿಸುತ್ತಾಳೆ. ಹುಟ್ಟಿದಂದಿನಿಂದ ನೋಡಿದ್ದೇನೆ, ಎಂದೂ ಯೋಚಿಸಿರಲಿಲ್ಲ. ಆ ದಿನ ನನ್ನ ಗಂಡ ಅವ್ವನಿಗೆ ತೋರಿಸಲೆಂದು ಬಿಲ್ಲೆಯನ್ನು ತಂದಿದ್ದರು. ತೋರಿಸಿ, ಬೇಸರದಿಂದ ಕುಣಿಯ ಗೋಡೆಯ ಗೂಡಿನಲ್ಲಿ ಇಟ್ಟು ಮರೆತು ಬಂದರು.

ಮರುದಿನ ಹತ್ತು ಗಂಟೆಗೆ ಅವ್ವನ ಫೋನು. "ಅಳಿಯಂದ್ರಿಗಿ ಹೇಳು, ಅವರ ಬಿಲ್ಲಿ ಒಣಗೇತಿ."

"ಏನಂದಿಬೇ?"

"ಒಣಗೇತಿ ಅಂದೆ. ಉಗರಿಲೆ ಬಡದ್ರ ಟಕಟಕ ಅನ್ನಾಕತ್ತೇತಿ. ಕಿವಿ ಕೇಳೂದಿಲ್ಲೇನ ನಿನಗ?"

ನಾವು ಚಪ್ಪಲಿ ಹಾಕಿಕೊಳ್ಳಲಿಲ್ಲ. ಎರಡು ಓಣಿ ಬರಿಗಾಲಲ್ಲಿ ಓಡಿದೆವು. ಐವತ್ತು ದಾಟಿದ ಗಂಡಸು ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ ನಾನು ಹಿಂದೆ. ಓಣಿಯವರು ಯಾರಿಗೋ ಏನೋ ಆಗಿದೆ ಎಂದುಕೊಂಡು ನಮ್ಮ ಬೆನ್ನು ಹತ್ತಿದರು. ನನ್ನ ಗಂಡ ಕುಣಿಗೆ ಇಳಿದು, ಬಿಲ್ಲೆಯನ್ನು ಕೆನ್ನೆಗೆ ಒತ್ತಿಕೊಂಡು, "ನೀರು! ಅದಕ್ಕ ನೀರು ಬೇಕಾಗಿತ್ತಲೇ! ತಂಪಿನಾಗ ಒಣಗತೈತಿ ಇದು!" ಎಂದು ಕೂಗಿದರು. ಹಿಂದೆ ಬಂದ ನೆರೆಹೊರೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಬ್ಬಳು, "ಏನಾತ್ರಿ?" ಎಂದಳು. ಅವ್ವ, "ಏನಿಲ್ಲವ್ವ, ನಮ್ಮ ಅಳಿಯಾ ಕುಣ್ಯಾಗ ಬಂಗಾರ ಕಂಡಾನ," ಎಂದಳು.

ಕಪಾಟು ಧೂಳಿಗಲ್ಲ, ತೇವಕ್ಕೆ ಇದ್ದದ್ದು. ಆ ಮುದುಕ ತನ್ನ ಭಾಷೆಯಲ್ಲಿ ಅದನ್ನೇ ಹೇಳುತ್ತಿದ್ದನೇನೋ. ಅವನು ಹೇಳಿ ನಮಗೆ ತಿಳಿಯದ್ದನ್ನು ಅವ್ವನ ಕುಣಿ ತಿಳಿಸಿತು.

ಅಂದಿನಿಂದ ಮುಚ್ಚಳ ಕುಣಿಯ ಗೂಡಿಗೆ ಬಂತು. ಮೊದಲ ಪದರಗಳು ಸುಕ್ಕುಗಟ್ಟಿದವು, ದಪ್ಪ ಬಳಿಯುತ್ತಿದ್ದರು. ಅವ್ವ ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಕುಂಚ ಕಸಿದುಕೊಂಡಳು. ಹಾಸಿನ ನೂಲಿಗೆ ಗಂಜಿ ಹಚ್ಚಿದ ಕೈ ಅದು. "ಒತ್ತಬಾರದ್ರಿ. ಕುಂಚಾ ತಾನ ನಡೀಬೇಕು. ನೀವು ಬರೇ ಹಿಂದಿಂದ ಹೋಗಬೇಕು." ಅವರು ಶಿಷ್ಯನ ಹಾಗೆ ಕೂತು ಕಲಿತರು. ಗಂಟಿನ ನೂಲು ಕಟ್ಟಿದ್ದೂ ಅವಳ ಉಪಾಯವೇ.

ಮೂವತ್ತನೆಯ ದಿನ ಅವರು ಕೆಂಪು ಬಿಟ್ಟು ಒಂದೇ ಒಂದು ಪದರ ಕರಿ ಬಳಿದರು. ನೂಲಿನ ಗಂಟಿನಲ್ಲಿ ಒಂದು ಕರಿ ಎಳೆ ಸೇರಿಸಿ ಕಟ್ಟಿದರು. ನಾನು ಯಾಕೆಂದು ಕೇಳಿದೆ. "ಕೆತ್ತಿಕೋತ ಕೆಳಗ ಹೋದಾಗ ಎಲ್ಲಿ ನಿಲ್ಲಬೇಕು ಅಂತ ಹ್ಯಾಂಗ ಗೊತ್ತಾಗಬೇಕು? ಕರಿ ಕಂಡ್ತೋ, ನಿಂದ್ರು. ಅಲ್ಲಿಂದ ಕೆಳಗ ಹೋದ್ರ ಬಟ್ಟಿ ಹರೀತೈತಿ." ವಿಡಿಯೋದ ಮುದುಕನೂ ಹಾಗೇ ಮಾಡಿದ್ದನ್ನು ಅವರು ಗುರುತಿಸಿದ್ದರು.

ಬಿಲ್ಲೆಯ ಮೇಲೂ ಹಾಗೇ ಕೆಂಪು, ಕರಿ ಪದರ ಏರಿಸಿ ನಾವು ಕೆತ್ತನೆ ಕಲಿತೆವು. ನಾವು ಎಂದರೆ ಇಬ್ಬರೂ. ಹೂವು ಎಲೆ ಅವರದು, ಹಿನ್ನೆಲೆಯ ಅಲೆಗಳು ನನ್ನವು. ಒಂದೇ ಅಳತೆಯ ಸಣ್ಣ ಅಲೆ, ಪಕ್ಕಕ್ಕೊಂದು ಅಲೆ, ಕೆಳಗೊಂದು ಅಲೆ. ಅದು ನೇಯ್ಗೆಯ ಹಾಗೇ. ಅವರಿಗೆ ಹತ್ತು ಅಲೆಗೆ ಬೇಸರ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಸರಿಯಾದ ಹದದಲ್ಲಿ ಸೊನೆ ಅಚ್ಚಿನ ಬೆಲ್ಲದಂತೆ ಕತ್ತರಿಸುತ್ತದೆ. ಉಳಿಯ ಹಿಂದೆ ಕೆಂಪು ಸುರುಳಿ ಏಳುತ್ತದೆ. ಆ ಸುರುಳಿ ಎದ್ದಾಗಿನ ಖುಷಿಯನ್ನು ನಾನು ಯಾರಿಗೂ ಹೇಳಿ ತಿಳಿಸಲಾರೆ. ಅರ್ಧ ಮುಗಿದ ಬಿಲ್ಲೆಯನ್ನು ಒಂದು ತಿಂಗಳು ಕಪಾಟಿನ ಮೇಲೆ ಬಿಟ್ಟಿದ್ದೆವು. ಆಮೇಲೆ ಉಳಿ ಇಟ್ಟರೆ ಕಲ್ಲಾಗಿತ್ತು, ಚಿಪ್ಪು ಚಿಪ್ಪಾಗಿ ಎದ್ದಿತು. "ಕಡೀ ಕೋಟ್ ಆದ ಮ್ಯಾಲ ಹದಿನೈದು ದಿನಾ. ಅಷ್ಟರಾಗ ಕೆತ್ತಿದ್ರ ಕೆತ್ತಿದ್ವಿ, ಇಲ್ಲಂದ್ರ ಇಲ್ಲ," ಎಂದರು ಅವರು.

ಅಲೆಗಳನ್ನು ಸರಿಯಾಗಿ ನೋಡಬೇಕೆಂದು ಒಂದು ರವಿವಾರ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಹೋದೆವು. ಮಂದಿ ನೀರು ನೋಡಲು ಹೋಗುತ್ತಾರೆ. ನಾವು ಡಬ್ಬಿಯನ್ನು ಕೈಯಲ್ಲಿ ಹಿಡಿದು, ಒಮ್ಮೆ ಡಬ್ಬಿ ಒಮ್ಮೆ ಕೃಷ್ಣೆ ನೋಡುತ್ತ ನಿಂತೆವು. ಬ್ಯಾರೇಜಿನ ಕೆಳಗೆ ನೀರು ಸಮವಾಗುವ ಕಡೆ ಸಣ್ಣ ಅಲೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಸರಿಯುತ್ತಿದ್ದವು. "ಅಲ್ಲಿ ನೋಡು, ಅಲ್ಲಿ! ಅದ ಐತಿ!" ಎಂದು ಅವರು ನನ್ನ ಮೊಣಕೈ ಹಿಡಿದು ಎಳೆದರು. ಪಕ್ಕದಲ್ಲಿದ್ದವರು ಮೊಸಳೆ ಬಂತೆಂದು ಹಿಂದೆ ಸರಿದರು.

ಮುಚ್ಚಳದ ನಡುವೆ ಯಾವ ಹೂವು ಎನ್ನುವುದು ಮಾತ್ರ ತೀರ್ಮಾನವಾಗಿರಲಿಲ್ಲ. ಹಳೆಯ ಮುಚ್ಚಳದಲ್ಲಿ ಹೂವಿತ್ತು ಎಂದು ಅಕ್ಕೋರಿಗೆ ನೆನಪಿತ್ತು. ಎಸಳು ಎಷ್ಟು ಎಂದರೆ ಮೊದಲ ಸಲ ಐದು ಎಂದರು, ಎರಡನೆಯ ಸಲ ಎಂಟು, ಮೂರನೆಯ ಸಲ, "ತುಂಬಿದ ಹೂವ್ರಿ, ಎಣಿಸಲಾಕ ಬರತಿದ್ದಿಲ್ಲ," ಎಂದರು. ನನ್ನ ಗಂಡ ನಕ್ಕುಬಿಟ್ಟರು. ಚಿತ್ರ ಬರೆದು ತೋರಿಸಿರಿ ಎಂದು ನಾನು ಅಂದರೆ, "ಬೇಕಂತನ ಬರದಿಲ್ಲ. ಉಳಿ ಹಿಡದಾಗ ಕೈಗಿ ಗೊತ್ತಾಗತೈತಿ," ಎಂದರು. ಇಷ್ಟು ವರ್ಷ ಗಿರಾಕಿ ಹೇಳಿದ ಗಿಳಿ ಕೆತ್ತಿದವರು. ಈ ಒಂದು ಹೂವು ಅವರದೇ ಆಗಿರಬೇಕಿತ್ತು.

ಆಮೇಲೆ ಶ್ರಾವಣದ ಆ ಮುಂಜಾನೆ ಬಂತು. ತೊಂಬತ್ತೆರಡನೆಯ ಗಂಟು ಬಿತ್ತು.

ಮಣ್ಣು ಮಾಡಿ ಬಂದ ಮೇಲೆ ನಾನು ಒಂದು ಮೂಲೆಯಲ್ಲಿ ಕೂತಿದ್ದೆ. ಮಂದಿ ಬಂದರು, ಅತ್ತರು, ಹೋದರು. ನನಗೆ ಅಳು ಬರಲಿಲ್ಲ. ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು: ಕುಣಿಗೆ ನೀರು ಹೊಡೆದಿಲ್ಲ. ಹನ್ನೊಂದನೆಯ ದಿನದವರೆಗೆ ನಾನು ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಂದೊಂದು ದಿನ ಕಳೆದಂತೆ ಮುಚ್ಚಳ ಅಲ್ಲಿ ಕಲ್ಲಾಗುತ್ತಿದೆ ಎಂದು ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಗಂಡ ಸತ್ತವಳು ಮುಚ್ಚಳದ ಚಿಂತೆ ಮಾಡುತ್ತಾಳೆಂದು ಯಾರಿಗೆ ಹೇಳುವುದು? ಅವ್ವನಿಗೂ ಹೇಳಲಿಲ್ಲ. ಅವ್ವ ನನ್ನ ಜೊತೆಯಲ್ಲೇ ಮಲಗುತ್ತಿದ್ದಳು. ಮುಂಜಾನೆ ಮಾತ್ರ, "ದೀಪಾ ಹಚ್ಚಿ ಬರತೀನಿ," ಎಂದು ತನ್ನ ಮನೆಗೆ ಹೋಗಿ ತಾಸಿನ ಮೇಲೆ ಬರುತ್ತಿದ್ದಳು.

ಒಂಬತ್ತನೆಯ ದಿನ ಅವಳು ನನಗೆ ಅನ್ನ ಕಲಸಿ ಕೊಡುವಾಗ ಮಣಿಕಟ್ಟು ನೋಡಿದೆ. ಕೆಂಪು ದದ್ದು. ಸಣ್ಣ ಸಣ್ಣ ಗುಳ್ಳೆ.

"ಏನಬೇ ಇದು?"

"ಸೊಳ್ಳಿ ಕಡದಾವ."

"ಸೊಳ್ಳಿ ಕಡದಿದ್ದಲ್ಲ ಇದು."

"ಹಂಗಾರ ತಿಗಣಿ. ನೀ ಉಣ್ಣು."

ನಾನು ಅವಳ ಕೈ ಬಿಡಲಿಲ್ಲ. ಉಗುರಿನ ಬುಡದಲ್ಲಿ ತೆಳ್ಳಗೆ ಕೆಂಪು. ಕೈಗವಸು ಅವಳಿಗೆ ದೊಡ್ಡದಾಗಿದ್ದಿರಬೇಕು, ಸೊನೆ ಒಳಗೆ ಇಳಿದಿತ್ತು. ನನ್ನ ಎದೆ ಹೇಗೆ ಹಾರಿತೆಂದರೆ, ಸುತ್ತ ಕೂತ ಹೆಂಗಸರ ಮುಂದೆ ನಾನು, "ಎಷ್ಟಬೇ? ಎಷ್ಟಾಗ್ಯಾವು?" ಎಂದು ಕೇಳಿಬಿಟ್ಟೆ.

ಅವ್ವ ದನಿ ತಗ್ಗಿಸಲಿಲ್ಲ. "ಆರು. ನಾಳೆ, ನಾಡದ. ನೂರ ಮುಗೀತಾವು."

ನಮ್ಮ ಸಂಬಂಧದ ಒಬ್ಬ ಮುದುಕಿ ಅವ್ವನ ಉಗುರು ನೋಡಿ, "ಇನ್ನ ದಿನಾನ ಮುಗಿದಿಲ್ಲ, ಅಳಿಯಾ ಹೋದ ಮನ್ಯಾಗ ಕೈ ಕೆಂಪ ಮಾಡ್ಕೊಂಡ ಕುಂತಾಳ. ಅದೂ ರಂಡಮುಂಡಿ ಆಗಿ," ಎಂದಳು.

"ಹೌದವ್ವ, ಕೆಂಪ ಮಾಡ್ಕೊಂಡೀನಿ," ಎಂದಳು ಅವ್ವ. "ಅಳಿಯಾ ಅರ್ಧಾ ಬಿಟ್ಟ ಹೋದ ಕೆಲಸ. ನಿನ್ನ ಕೈ ಬೆಳ್ಳಗ ಅದಾವಲ್ಲ, ಬಾ, ಒಂದು ಕೋಟ್ ನಿನಗೂ ಹೊಡೀತೀನಿ. ನಾಳೆ ಮುಖಾ ಕುಂಬಳಕಾಯಿ ಆಗತೈತಿ, ಮೊಮ್ಮಕ್ಕಳೂ ಗುರ್ತ ಹಿಡೀಬಾರದು ನಿನ್ನ."

ನಾನು ನಕ್ಕೆ. ಒಂಬತ್ತು ದಿನಗಳಲ್ಲಿ ಮೊದಲ ಸಲ. ನಗು ಅಲ್ಲಿಗೇ ನಿಲ್ಲದೆ ಅಳುವಾಯಿತು. ಬಂದವರೆಲ್ಲ ಸದ್ಯ ಅತ್ತಳಲ್ಲ ಎಂದು ಸಮಾಧಾನಪಟ್ಟರು.

ಹನ್ನೆರಡನೆಯ ದಿನ ಕುಣಿಗೆ ಇಳಿದೆ. ನೂಲಿನ ತುದಿಯಲ್ಲಿ ಎಂಟು ಗಂಟುಗಳು ಬೇರೆ ಥರ ಇದ್ದವು. ಅವರ ಗಂಟು ಬಡಿಗರದು, ದಪ್ಪ. ಅವ್ವನದು ನೇಕಾರರ ಗಂಟು, ಬೆರಳಿಗೆ ಹತ್ತುವುದೇ ಇಲ್ಲ. ಮುಚ್ಚಳ ತಂಪಾಗಿ, ನಯವಾಗಿ, ಗೂಡಿನಲ್ಲಿ ಕೂತಿತ್ತು. ಉಗುರಿನಿಂದ ಒತ್ತಿ ನೋಡಿದೆ. ಹದದಲ್ಲಿತ್ತು.

ಅನಗವಾಡಿಯಿಂದ ಮರಳಿ ಬಂದ ಅವರ ಚೀಲದಿಂದ ಸಣ್ಣ ಉಳಿ ತೆಗೆದು ಸಾಣೆಕಲ್ಲಿಗೆ ಹಿಡಿದೆ. ಅಂಚಿನಿಂದ ಶುರು ಮಾಡಿದೆ. ಮೊದಲ ಅಲೆ. ಕೆಂಪು ಸುರುಳಿ ಎದ್ದಿತು. ಅವ್ವ ಮೇಲೆ ಮಗ್ಗದ ಹಲಗೆಯ ಮೇಲೆ ಕೂತು ಬಗ್ಗಿ ನೋಡುತ್ತಿದ್ದಳು.

"ಬಂತೇನ ಕರಿ?"

"ಇನ್ನಾ ಇಲ್ಲ."

ಇನ್ನೊಂದು ಎಳೆ ತೆಗೆದೆ. ಮತ್ತೊಂದು. ಬಿಲ್ಲೆಯ ಮೇಲೆ ಇಷ್ಟು ಹೊತ್ತಿಗೆ ಕರಿ ಬಂದಿರುತ್ತಿತ್ತು. ಬೆವರು ಹುಬ್ಬಿನಿಂದ ಇಳಿಯಿತು. ನೂಲಿನಲ್ಲಿ ಕರಿ ಎಳೆಯ ಗಂಟು ಇದೆ, ಆದರೆ ಗಂಟು ಹಾಕಿ ಬಳಿಯುವುದನ್ನು ಮರೆತಿದ್ದರೆ? ಅವ್ವ ಎಂಟು ಪದರ ದಪ್ಪ ಬಳಿದಿದ್ದರೆ? ಇನ್ನೊಂದು ಸಲ ಉಳಿ ಜಾರಿದರೆ ಕೆಳಗೆ ಬಟ್ಟೆ, ಅದರ ಕೆಳಗೆ ಸಾಗವಾನಿ, ನಾಲ್ಕು ತಿಂಗಳ ಕೆಲಸ ಅಲ್ಲಿಗೆ ಮುಗಿದಂತೆ.

"ಬಂತೇನ?"

"ಸುಮ್ನಿರಬೇ!"

ಉಸಿರು ಹಿಡಿದು ಇನ್ನೊಂದೇ ಎಳೆ, ಕಾಗದಕ್ಕಿಂತ ತೆಳುವಾಗಿ. ಕೆಂಪಿನ ತಳದಲ್ಲಿ ಒಂದು ಕರಿ ಗೆರೆ ಮೂಡಿತು. ಕೂದಲಿನಷ್ಟು. ಆಮೇಲೆ ಹುಬ್ಬಿನಷ್ಟು. ಅವರು ಬಳಿದ ಕರಿ, ಅವರು ಹೇಳಿದ ಜಾಗದಲ್ಲಿ, ನನಗೆ ನಿಲ್ಲು ಎನ್ನುತ್ತಿತ್ತು.

"ಬಂತು! ಯವ್ವಾ, ಬಂತು, ಬಂತು!"

ಅವ್ವ ಎಪ್ಪತ್ತರ ಮುದುಕಿ, ಕುಣಿಗೆ ಹಾರಿಯೇ ಇಳಿದಳು. ಇಬ್ಬರೂ ಆ ಇಕ್ಕಟ್ಟಿನಲ್ಲಿ ತಲೆಗೆ ತಲೆ ಹಚ್ಚಿ ಆ ಗೆರೆ ನೋಡಿದೆವು. ಇಷ್ಟು ಸಂತೋಷಪಡುವುದು ತಪ್ಪೇನೋ ಎಂದು ನನಗೆ ಅನ್ನಿಸಿತು. ಆದರೂ ಪಟ್ಟೆ. ಅದನ್ನು ಮುಚ್ಚಿಟ್ಟು ಬರೆಯಲಾರೆ.

ಹತ್ತು ದಿನ ಕೆತ್ತಿದೆ. ಬ್ಯಾರೇಜಿನ ಕೆಳಗೆ ಕಂಡ ಅಲೆಗಳನ್ನೇ ಅಂಚಿನ ಸುತ್ತ ಮೂರು ಸುತ್ತು ಇಳಿಸಿದೆ. ಒಂದೊಂದು ಅಲೆಯ ತಳದಲ್ಲಿ ಕರಿ ಕಂಡಾಗಲೂ ಅವ್ವನಿಗೆ ಕೂಗಿ ಹೇಳುತ್ತಿದ್ದೆ, ಅವಳು ಮೇಲಿನಿಂದ, "ಆತು, ತಿಳೀತು, ಓಣಿಗೆಲ್ಲ ಸಾರಬ್ಯಾಡ," ಎನ್ನುತ್ತಿದ್ದಳು. ನೂರ ಎಪ್ಪತ್ತು ಅಲೆಗಳಾದವು. ಎರಡು ಸೊಟ್ಟ ಇವೆ. ಎಲ್ಲಿವೆ ಎಂದು ನನಗೆ ಗೊತ್ತು.

ಸುತ್ತ ಅಲೆ ಮುಗಿದು ನಡುವೆ ರೂಪಾಯಿಗಿಂತ ಸ್ವಲ್ಪ ದೊಡ್ಡ ನಯವಾದ ವೃತ್ತ ಉಳಿಯಿತು. ಹೂವಿನ ಜಾಗ. ಹದ ಇನ್ನೂ ಮೂರು ದಿನ ಇರುತ್ತಿತ್ತು. ಹೂವಿನ ಒಂದು ಗೆರೆಯನ್ನಾದರೂ ಎಲ್ಲಾದರೂ ಬರೆದಿಟ್ಟಿದ್ದಾರೇನೋ ಎಂದು ನಾನು ಅವರ ಅಂಗಿಯ ಕಿಸೆಗಳನ್ನು ನೋಡಿದೆ. ಬಾಗಿಲಿನ ಅಳತೆ ಬರೆದ ಚೀಟಿಗಳನ್ನು, ಹಲಗೆಯ ಚೂರುಗಳ ಬೆನ್ನನ್ನು, ಅಂಗಡಿಯ ಗೋಡೆಯ ಪೆನ್ಸಿಲ್ ಗೆರೆಗಳನ್ನು ನೋಡಿದೆ. ಮಗಳು ಮೊಬೈಲಿನ ಫೋಟೋಗಳನ್ನೆಲ್ಲ ತೆರೆದು ತೋರಿಸಿದಳು. ಗಿಳಿಗಳಿದ್ದವು. ಕೃಷ್ಣೆಯ ನೀರಿತ್ತು. ನನ್ನ ಮೊಣಕೈ ಇತ್ತು.

ಅಕ್ಕೋರನ್ನು ಕರೆಸಿದೆ. ಅವರು ಮುಚ್ಚಳವನ್ನು ಕೈಯಲ್ಲಿ ಹಿಡಿದು ನಡುವಿನ ನಯವಾದ ವೃತ್ತದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, "ನಾ ಸುಮ್ನ ಐದ ಎಸಳ ಅಂತ ಗಟ್ಟಿ ಹೇಳಬೇಕಾಗಿತ್ತು ತಂಗಿ," ಎಂದರು.

"ನೀವ ಎಷ್ಟ ಹೇಳಿದ್ರೂ ಅವರು ಕೇಳತಿದ್ದಿಲ್ರಿ."

"ನೀನ ಒಂದು ಹೂವಾ ಕೆತ್ತಿಬಿಡು. ಇಷ್ಟೆಲ್ಲಾ ಮಾಡೀದಿ."

ನಾನು ಉಳಿ ತೆಗೆದುಕೊಂಡೆ. ವೃತ್ತದ ಮೇಲೆ ಇಟ್ಟೆ ಕೂಡ. ಅಲೆ ನನ್ನ ಕೈಗೆ ಗೊತ್ತಿತ್ತು. ಹೂವು ಗೊತ್ತಿರಲಿಲ್ಲ. ಉಳಿ ಎತ್ತಿಬಿಟ್ಟೆ.

ಮೂರು ದಿನ ಕಳೆದವು. ಈಗ ಅದು ಗಟ್ಟಿಯಾಗಿದೆ, ಯಾರೂ ಕೆತ್ತಲಾರರು. ಡಬ್ಬಿ ಜಮಖಂಡಿಯಲ್ಲಿ ಅಕ್ಕೋರ ಮನೆಯಲ್ಲಿದೆ. ಮುಚ್ಚಳ ಸರಿಯಾಗಿ ಕೂಡುತ್ತದೆ, ಹಾಕಿದರೆ ಟಪ್ ಎಂದು ಸಣ್ಣ ಸದ್ದು ಬರುತ್ತದೆ. ಸುತ್ತ ನೀರಿದೆ. ನಡುವೆ ಹೂವಿಲ್ಲ.